ಗೆಡ್ಡೆ ಹೂಗಿಡಕ್ಕೆ ಕಾಂಪೋಸ್ಟು, ಸೀವೀಡು, ಹ್ಯೂಮಿಕ್ಕು, ಮೈಕೋರೈಜಾ: ಯಾವುದು ಕೆಲ್ಸ ಮಾಡುತ್ತೆ, ಯಾವುದು ಬರೀ ಬಾಟ್ಲಿ

ಇದು ಒಂದೇ ಕಂಪನಿ ಪ್ರಾಡಕ್ಟಿನ ರಿವ್ಯೂ ಅಲ್ಲ, ಮೊದಲೇ ಹೇಳ್ಬಿಡ್ತೀನಿ. ಗೆಡ್ಡೆಯಿಂದ ಬರೋ ಹೂಗಿಡಗಳಿಗೆ ಅಂತ "ನ್ಯಾಚುರಲ್", "ಆರ್ಗಾನಿಕ್", "ಬಯೋ" ಅಂತೆಲ್ಲ ಹೆಸರಿಟ್ಟು ಮಾರ್ತಾರಲ್ಲ, ಎರೆಹುಳು ಗೊಬ್ಬರ, ಸೀವೀಡ್ ಲಿಕ್ವಿಡ್, ಹ್ಯೂಮಿಕ್ ಆಸಿಡ್ (ಎಲೆ ಕಸ ಕೊಳೆತ ಮೇಲೆ ಉಳಿಯೋ ಕರಿ ಅಂಶ), ಬೋನ್ ಮೀಲ್ (ಮೂಳೆ ಪುಡಿ), ಮೈಕೋರೈಜಾ ಪೌಡರ್, ಕೈಟೋಸಾನ್, ಇವನ್ನೆಲ್ಲ ಅಮರಿಲ್ಲಿಸ್, ಗ್ಲಾಡಿಯೋಲಸ್, ಸುಗಂಧರಾಜ, ಲಿಲ್ಲಿ, ಡೇಲಿಯಾಗಳಿಗೆ ಹಾಕ್ತಾ ಬಂದಿದೀನಿ, ಒಂದು ಪಾಟಿಗೆ ಹಾಕಿ ಅದರ ಪಕ್ಕದ್ದಕ್ಕೆ ಬೇಕಂತಲೇ ಹಾಕ್ದೆ ಬಿಟ್ಟು. ಆ ಲೆಕ್ಕದಲ್ಲಿ ಒಂದೊಂದಕ್ಕೂ ಎಷ್ಟು ಮಾರ್ಕ್ಸ್ ಅಂತ ಬರೀತಿದೀನಿ. ಬ್ರ್ಯಾಂಡ್ ಹೆಸರು ಹಾಕಲ್ಲ, ಯಾಕಂದ್ರೆ ಒಂದೇ ಜಾತಿ ಬಾಟ್ಲಿಗಳ ಒಳಗಿರೋದು ಹೆಚ್ಚುಕಮ್ಮಿ ಒಂದೇ, ಲೇಬಲ್ ಮೇಲಿನ ಹೂವಿನ ಫೋಟೋ ಮಾತ್ರ ಬೇರೆಬೇರೆ.

ಆ ಫೋಟೋದಿಂದಲೇ ಶುರು ಮಾಡೋಣ. "ಬಳಸುವ ಮುನ್ನ, ಬಳಸಿದ ನಂತರ" ಅಂತ ಎರಡು ಚಿತ್ರ, ಎರಡನೇದ್ರಲ್ಲಿ ಪಾಟ್ ತುಂಬ ಹೂವು. ಮಲ್ಲಿಗೆ ಗುಲಾಬಿಗಾದ್ರೆ ಈ ಥರ ಫೋಟೋ ನೋಡಿ ಏನೋ ಒಂಚೂರು ಅಂದಾಜು ಮಾಡ್ಬಹುದು, ಗೆಡ್ಡೆ ಹೂವಿಗೆ ಮಾತ್ರ ಇದು ಸುಮ್ನೆ ಕಣ್ಕಟ್ಟು. ಗೆಡ್ಡೆ ಅಂದ್ರೆ ಗಿಡ ಮುಂದಿನ ಪ್ರಯಾಣಕ್ಕೆ ಕಟ್ಕೊಂಡಿರೋ ಬುತ್ತಿ. ಹೂವು ಎಷ್ಟು, ಯಾವ ಸೈಜು ಅನ್ನೋದು ಎಷ್ಟೋ ಜಾತೀಲಿ ನೀವು ನೆಡೋಕೆ ಮುಂಚೆನೇ ಒಳಗೆ ತೀರ್ಮಾನ ಆಗಿರುತ್ತೆ. ಟ್ಯುಲಿಪ್ ಗೆಡ್ಡೆನ ನೆಡೋ ಟೈಮಲ್ಲಿ ಉದ್ದಕ್ಕೆ ಸೀಳಿ ಲೆನ್ಸ್ ಇಟ್ಟು ನೋಡಿದ್ರೆ ಪುಟಾಣಿ ಹೂವು ಎಸಳು ಕೇಸರ ಸಮೇತ ಕೂತಿರುತ್ತೆ. ಡ್ಯಾಫೋಡಿಲ್ ಇನ್ನೂ ಮುಂಚೆ, ಹಿಂದಿನ ಸೀಸನ್ನಿನ ಎಲೆ ಒಣಗೋ ಹೊತ್ತಿಗೇ ಹೂವಿನ ಕೆಲಸ ಒಳಗೆ ಶುರು ಮಾಡ್ಬಿಟ್ಟಿರುತ್ತೆ. ನಾವೆಲ್ಲ ಅಮರಿಲ್ಲಿಸ್ ಅಂತ ಕರೆಯೋ ಹಿಪ್ಪಿಯಾಸ್ಟ್ರಮ್ ಅಂತೂ ಸುಮಾರು ನಾಲ್ಕು ಎಲೆಗೆ ಒಂದು ಹೂಗೊಂಚಲು ಅನ್ನೋ ಲೆಕ್ಕದಲ್ಲಿ ಒಳಗೊಳಗೇ ಕಟ್ತಾ ಹೋಗುತ್ತೆ, ಇವತ್ತು ನಿಮ್ಮ ಕಣ್ಣಿಗೆ ಬಿದ್ದ ಹೂದಂಟು ಗೆಡ್ಡೆ ಒಳಗೆ ಹುಟ್ಟಿ ಹತ್ತಿರ ಹತ್ತಿರ ಒಂದು ವರ್ಷ ಆಗಿರುತ್ತೆ.

ಹಂಗಾದ್ರೆ ಹೊಸ ಅಮರಿಲ್ಲಿಸ್ ಗೆಡ್ಡೆ ತಂದು, ನೆಟ್ಟು, ಬಾಟ್ಲಿ ನೀರು ಹಾಕಿ, ಒಂದೂವರೆ ಎರಡು ತಿಂಗಳಲ್ಲಿ ನಾಲ್ಕು ದೊಡ್ಡ ಹೂ ಬಂದ್ರೆ ಅದರ ಕ್ರೆಡಿಟ್ ಯಾರಿಗೆ? ಆ ಗೆಡ್ಡೆ ಬೆಳೆಸಿದ ನರ್ಸರಿಯವ್ರಿಗೆ. ಬಾಟ್ಲಿಗಲ್ಲ. ಬರೀ ನೀರು ಹಾಕಿದ್ರೂ ಬರ್ತಿತ್ತು, ನೀರೇ ಇಲ್ದೆ ಮೇಣ ಸುತ್ತಿದ ಗೆಡ್ಡೆ ಮಾರ್ತಾರಲ್ಲ ಗಿಫ್ಟ್ ಐಟಂ, ಅದೂ ಹೂ ಬಿಡುತ್ತೆ.

ಎಲ್ಲ ಗೆಡ್ಡೆಗೂ ಇದೇ ಕಥೆ ಅಂತಲ್ಲ, ಇಲ್ಲೇ ಜನ ಕನ್ಫ್ಯೂಸ್ ಆಗೋದು. ಗ್ಲಾಡಿಯೋಲಸ್ ನೆಟ್ಟ ಮೇಲೆ, ಎರಡು ಮೂರು ಎಲೆ ಬಿಟ್ಟ ಹಂತದಲ್ಲಿ ಹೂವಿನ ಕಡ್ಡಿನ ಒಳಗೆ ರೂಪಿಸ್ಕೊಳ್ಳುತ್ತೆ. ಡೇಲಿಯಾ ಅಂತೂ ಬೆಳೀತಾ ಬೆಳೀತಾ ಮೊಗ್ಗು ಕಟ್ಟೋ ಗಿಡ, ಲಿಲ್ಲಿಗಳಲ್ಲೂ ಎಷ್ಟೋ ಹೈಬ್ರಿಡ್ ಚಿಗುರು ಹೊರಡೋ ಸಮಯದಲ್ಲೇ ಮೊಗ್ಗಿನ ಸಂಖ್ಯೆ ಡಿಸೈಡ್ ಮಾಡ್ಕೊಳ್ಳೋದು. ಇವುಗಳಲ್ಲಿ ನೀವು ಹಾಕಿದ ಗೊಬ್ಬರ, ಸ್ಪ್ರೇ ಅದೇ ಸೀಸನ್ನಲ್ಲಿ ಸ್ವಲ್ಪ ಮಟ್ಟಿಗೆ ಕಾಣಿಸ್ಬಹುದು. ಆದ್ರೆ ಟ್ಯುಲಿಪ್, ಡ್ಯಾಫೋಡಿಲ್, ಹಯಸಿಂತ್, ಅಮರಿಲ್ಲಿಸ್ ಇವಕ್ಕೆ ಏನೇ ಸುರಿದ್ರೂ ಫಲ ಗೊತ್ತಾಗೋದು ಮುಂದಿನ ಸಲ.

ಅದಕ್ಕೆ ನಾನು ಹೂವಿನ ಫೋಟೋ ಲೆಕ್ಕಕ್ಕೆ ತಗೊಳ್ಳಲ್ಲ, ತಕ್ಕಡಿ ತಗೋತೀನಿ. ನೆಡೋ ಮುಂಚೆ ಗೆಡ್ಡೆ ತೂಕ ಬರೆದಿಡೋದು, ಎಲೆ ಒಣಗಿ ಗೆಡ್ಡೆ ಎತ್ತಿದಾಗ ಮಣ್ಣು ಉದುರಿಸಿ, ಒಣಗಿಸಿ, ಮತ್ತೆ ತೂಗೋದು. ಗ್ಲಾಡಿಯೋಲಸ್ಸಿಗೆ ಈ ಟೆಸ್ಟ್ ಸಖತ್ತಾಗಿ ಹೊಂದುತ್ತೆ ಯಾಕಂದ್ರೆ ಹಳೇ ಗೆಡ್ಡೆ ಪೂರ್ತಿ ಸುಕ್ಕಾಗಿ ಹೋಗಿ ಅದರ ತಲೆ ಮೇಲೆ ಹೊಸದೊಂದು ಕೂತಿರುತ್ತೆ, ಸುತ್ತ ಕಾಳಿನಂಥ ಮರಿಗಳು, ಅಂದ್ರೆ ಕೈಯಲ್ಲಿರೋ ಹೊಸ ಗೆಡ್ಡೆ ಪೂರ್ತಿಯಾಗಿ ಈ ಸೀಸನ್ನಿನ ದುಡಿಮೆ. ಟ್ಯುಲಿಪ್ಪೂ ಅಷ್ಟೇ, ತಾಯಿಗೆಡ್ಡೆ ಕರಗಿ ಮರಿಗಳು ಉಳಿಯೋದು. ಗೆಡ್ಡೆ ವ್ಯಾಪಾರದವ್ರೂ ಸುತ್ತಳತೆ ಸೆಂಟಿಮೀಟರಲ್ಲಿ ಅಳೆದು ಗ್ರೇಡ್ ಮಾಡೋದು ಇದಕ್ಕೇ, ಅಮರಿಲ್ಲಿಸ್ 26/28, 34/36 ಅಂತೆಲ್ಲ ಬರ್ದಿರುತ್ತಲ್ಲ ಅದು. ಸುತ್ತಳತೆ ಜಾಸ್ತಿ ಇದ್ರೆ ಹೂದಂಟು ಜಾಸ್ತಿ, ಅಷ್ಟೇ ಲೆಕ್ಕ. ಈ ಕೆಳಗಿನ ಮಾರ್ಕ್ಸ್ ಎಲ್ಲ ತೂಕದ ಮೇಲೆ ಕೊಟ್ಟಿರೋದು, ಎಷ್ಟು ಸೊಗಸಾಗಿ ಅರಳ್ತು ಅನ್ನೋದರ ಮೇಲಲ್ಲ.

ಈಗ ಕಾಂಪೋಸ್ಟ್. 5ಕ್ಕೆ 4.5, ಈ ಪಟ್ಟೀಲಿ ಯಾವುದಕ್ಕೂ ಇಷ್ಟು ಕೊಟ್ಟಿಲ್ಲ. ಅರ್ಧ ಕಟ್ ಮಾಡಿದ್ದು ಯಾಕಂದ್ರೆ ಕಾಂಪೋಸ್ಟ್ ಅಂತ ಚೀಲದ ಮೇಲೆ ಬರೆದಿರೋದೆಲ್ಲ ಕಾಂಪೋಸ್ಟ್ ಆಗಿರಲ್ಲ. ಅರ್ಧ ಕೊಳೆತ ಗೊಬ್ಬರ ಮಾರೋರು ಬೇಕಾದಷ್ಟಿದಾರೆ, ನಂಗೂ ಒಬ್ಬ ಆನ್‌ಲೈನ್ ಸೆಲ್ಲರ್ ಕಳಿಸಿದ ಚೀಲ ಬಿಚ್ಚಿದ ತಕ್ಷಣ ಮೂಗಿಗೆ ಅಮೋನಿಯಾ ಹೊಡೀತು, ಒಳಗೆ ಕೈ ಇಟ್ರೆ ಬಿಸಿ, ಅದನ್ನ ಗೆಡ್ಡೆ ಹತ್ರ ಬಿಡೋ ಪ್ರಶ್ನೆನೇ ಬರ್ಲಿಲ್ಲ, ಮೂಲೇಲಿ ರಾಶಿ ಹಾಕಿ ಮುಚ್ಚಿಟ್ಟೆ. ಬೇರೆ ಗಿಡ ಆದ್ರೆ ಅರೆಬೆಂದ ಗೊಬ್ಬರ ತಡ್ಕೊಳ್ಳುತ್ತೆ, ಎರಡು ಬೇರು ಸುಟ್ರೆ ನಾಲ್ಕು ಬಿಡುತ್ತೆ. ಗೆಡ್ಡೆಗೆ ಹಂಗಲ್ಲ. ಅದರ ಬೇರೆಲ್ಲ ಹೊರಡೋದು ತಳದಲ್ಲಿರೋ ಒಂದು ಬಿಲ್ಲೆಯಿಂದ, ಆ ಬಿಲ್ಲೆಗೆ ಏಟು ಬಿತ್ತು ಅಂದ್ರೆ ಫ್ಯುಸೇರಿಯಮ್ ಅನ್ನೋ ಬೂಷ್ಟು ಒಳಗೆ ನುಗ್ಗೋಕೆ ದಾರಿ ಆಯ್ತು ಅಂತ. ಡ್ಯಾಫೋಡಿಲ್, ಟ್ಯುಲಿಪ್, ಗ್ಲಾಡಿಯೋಲಸ್ ಮೂರಕ್ಕೂ ಫ್ಯುಸೇರಿಯಮ್ ಆಕ್ಸಿಸ್ಪೋರಮ್‌ನಲ್ಲಿ ಬೇರೆಬೇರೆ ತಳಿಗಳೇ ಇದಾವೆ, ತಳ ಮೆತ್ತಗಾಗಿ ಕಂದು ಬಣ್ಣಕ್ಕೆ ತಿರುಗಿ ಕೊಳೀತಾ ಹೋಗುತ್ತೆ. ಸಾರಜನಕ ಜಾಸ್ತಿ ಇರೋ ಹಸಿ ಗೊಬ್ಬರ, ಮೇಲೆ ನೀರು ನಿಲ್ಲೋ ಮಣ್ಣು, ಇಷ್ಟಾದ್ರೆ ಮುಗೀತು.

ಚೀಲ ತಂದ ಮೇಲೆ ಒಂದು ಸಿಂಪಲ್ ಪರೀಕ್ಷೆ ಮಾಡಿ. ಒಂದು ಹಿಡಿ ಗೊಬ್ಬರ ತಗೊಂಡು ಸ್ವಲ್ಪ ತೇವ ಮಾಡಿ ಜಿಪ್ ಇರೋ ಕವರಲ್ಲಿ ಗಾಳಿ ತೆಗೆದು ಮುಚ್ಚಿ ಮೂರ್ನಾಲ್ಕು ದಿನ ಬಿಡಿ, ಆಮೇಲೆ ಬಿಚ್ಚಿ ಮೂಸಿ ನೋಡಿ. ಮಳೆ ಬಿದ್ದ ಮಣ್ಣಿನ ವಾಸನೆ ಬಂದ್ರೆ ಮಾಗಿದೆ, ಹುಳಿ ವಾಸನೆನೋ ಅಮೋನಿಯಾನೋ ಬಂದ್ರೆ ಇನ್ನೂ ಮಾಗಿಲ್ಲ. ಬೇಗ ಮೊಳೆಯೋ ಯಾವುದಾದ್ರೂ ಬೀಜ ಅದರಲ್ಲೇ ಹಾಕಿ ಕೂಡ ನೋಡ್ಬಹುದು, ಹುಟ್ಟಿದ ಸಸಿ ಎಲೆ ಲೋಟದಂಗೆ ಮುರುಟಿಕೊಂಡು ಬಂತು ಅಂದ್ರೆ ಅದು ಬೇರೆ ತಲೆನೋವು, ಹುಲ್ಲುಗಾವಲಿಗೆ ಹೊಡೆದ ಕಳೆನಾಶಕ, ಅಮಿನೋಪೈರಾಲಿಡ್ ಕ್ಲೋಪೈರಾಲಿಡ್ ಜಾತಿಯವು, ದನ ಕುದುರೆ ಹೊಟ್ಟೆ ದಾಟಿ ಸಗಣಿ ಗೊಬ್ಬರದಲ್ಲೂ ಉಳ್ಕೊಂಡಿರ್ತವೆ. ಡೇಲಿಯಾ ಬೆಳೆಯೋರು ಇದನ್ನ ಚೆಕ್ ಮಾಡ್ದೆ ಹಾಕ್ಲೇಬಾರ್ದು, ಡೇಲಿಯಾ ಅದಕ್ಕೆ ತುಂಬ ಸೂಕ್ಷ್ಮ.

ಮನೇಲೇ ಮಾಡೋರಿಗೆ: ಒಣ ಎಲೆ ರಟ್ಟು ಒಂದು ಕಡೆ (ಕಾರ್ಬನ್ ಇದರಿಂದ), ಹಸಿ ಕಸ ಒಂದು ಕಡೆ (ನೈಟ್ರೋಜನ್, ಅಂದ್ರೆ ಸಾರಜನಕ, ಇದರಿಂದ), ಕಾರ್ಬನ್ ನೈಟ್ರೋಜನ್ ಅನುಪಾತ ಶುರೂಲಿ 25ರಿಂದ 30ಕ್ಕೆ 1 ಇದ್ರೆ ರಾಶಿ ಚೆನ್ನಾಗಿ ಕಾಯುತ್ತೆ, 55 ಡಿಗ್ರಿ ದಾಟಿ ಕೆಲವು ದಿನ ಹಂಗೇ ನಿಂತ್ರೆ ಕಳೆಬೀಜ, ರೋಗದ ಬೂಷ್ಟು ಬಹಳಷ್ಟು ಸಾಯುತ್ತೆ. ಹಂಗಂತ ಕೊಳೆತ ಗೆಡ್ಡೆನ ತಗೊಂಡೋಗಿ ಅದೇ ರಾಶಿಗೆ ಹಾಕೋಕೆ ಹೋಗ್ಬೇಡಿ, ಮನೆ ರಾಶಿ ಎಲ್ಲ ಕಡೆ ಒಂದೇ ಸಮ ಕಾಯಲ್ಲ, ಅಂಚಲ್ಲಿರೋದು ತಣ್ಣಗೇ ಇರುತ್ತೆ.

ಹಾಕೋ ಪ್ರಮಾಣ, ಇದು ಎಲ್ರೂ ಕೇಳೋದು. ಪಾಟಿಗಾದ್ರೆ ಒಟ್ಟು ಮಿಕ್ಸಿನಲ್ಲಿ ಕಾಲು ಭಾಗ ಮಾಗಿದ ಕಾಂಪೋಸ್ಟು ಧಾರಾಳ ಆಯ್ತು, ಉಳಿದಿದ್ದು ಮಣ್ಣು, ತೆಂಗಿನ ನಾರಿನ ಪುಡಿ, ದಪ್ಪ ಮರಳು ಇಲ್ಲಾ ಪರ್ಲೈಟ್ ಅನ್ನೋ ಹಗುರ ಬಿಳಿ ಹರಳು. ನೆಲಕ್ಕಾದ್ರೆ ಎರಡು ಇಂಚಿನ ಪದರ ಹರಡಿ ಒಂದು ಗೇಣು ಆಳಕ್ಕೆ ಬೆರೆಸೋದು. ಗುಣಿ ತಳಕ್ಕೆ ಒಂದು ಮುಷ್ಟಿ ಗೊಬ್ಬರ ಹಾಕಿ ಅದರ ಮೇಲೇ ಗೆಡ್ಡೆ ಕೂರಿಸೋ ಪದ್ಧತಿ ನಂಗೆ ಇಷ್ಟ ಇಲ್ಲ, ಗೊಬ್ಬರ ನೀರು ಹಿಡ್ಕೊಂಡು ಕೂರುತ್ತೆ, ಬೇರಿನ ಬಿಲ್ಲೆ ಸೀದಾ ಆ ತೇವದ ಮೇಲೆ. ಗೆಡ್ಡೆ ಕೆಳಗೆ ಎರಡು ಬೆರಳು ಮರಳು, ಗೊಬ್ಬರ ಅದರ ಕೆಳಗೂ ಪಕ್ಕಕ್ಕೂ. ಅಮರಿಲ್ಲಿಸ್ ಕುತ್ತಿಗೆ ಮಣ್ಣಿಂದ ಮೇಲಿರ್ಲಿ, ಆ ಕುತ್ತಿಗೆ ಸುತ್ತ ಯಾವ ಗೊಬ್ಬರನೂ ಗುಡ್ಡೆ ಹಾಕ್ಬೇಡಿ. ಉಳಿದ ಗೆಡ್ಡೆಗಳು ತಮ್ಮ ಎತ್ತರದ ಎರಡರಿಂದ ಮೂರು ಪಟ್ಟು ಆಳಕ್ಕೆ.

ಇನ್ನೊಂದು, ಕಾಂಪೋಸ್ಟಿನ ಕೆಲಸ ಪೋಷಕಾಂಶ ಕೊಡೋದಕ್ಕಿಂತ ಜಾಸ್ತಿ ಮಣ್ಣಿನ ಹದ ತರೋದು ಅಂತ ನನ್ನ ಅಭಿಪ್ರಾಯ. ಜಿಗುಟು ಮಣ್ಣು ಸಡಿಲ ಆಗುತ್ತೆ, ಮರಳು ಮಣ್ಣು ನೀರು ಹಿಡಿಯುತ್ತೆ, ಗೆಡ್ಡೆ ದಪ್ಪ ಆಗೋಕೆ ಜಾಗ ಸಿಗುತ್ತೆ. ಗಟ್ಟಿ ಮಣ್ಣಲ್ಲಿ ಎತ್ತಿದ ಗ್ಲಾಡಿಯೋಲಸ್ ಗೆಡ್ಡೆ ನೋಡಿ, ಚಪ್ಪಟೆಯಾಗಿ ಒತ್ಕೊಂಡಿರುತ್ತೆ. ತಕ್ಕಡಿಯಲ್ಲಿ ಕಾಂಪೋಸ್ಟ್ ಬೆರೆಸಿದ ಪಾಟು ಮತ್ತೆ ಬರೀ ಮಣ್ಣಿನ ಪಾಟು, ಎರಡರ ಗೆಡ್ಡೆ ಪಕ್ಕಪಕ್ಕ ಇಟ್ರೆ ತೂಗೋ ಅಗತ್ಯನೇ ಇಲ್ಲ, ಕಣ್ಣಿಗೇ ಕಾಣುತ್ತೆ. ಬೇರೆ ಯಾವ ಬಾಟ್ಲೀಲೂ ಇಷ್ಟು ವ್ಯತ್ಯಾಸ ನಂಗೆ ಸಿಕ್ಕಿಲ್ಲ.

ಎರೆಹುಳು ಗೊಬ್ಬರಕ್ಕೆ 4. ಇದನ್ನ ಗೊಬ್ಬರ ಅನ್ನೋದಕ್ಕಿಂತ ಅರ್ಧ ಗೊಬ್ಬರ ಅರ್ಧ ಸ್ಟಿಮ್ಯುಲೆಂಟ್, ಅಂದ್ರೆ ಗಿಡನ ಚುರುಕು ಮಾಡೋ ವಸ್ತು, ಅನ್ಬೇಕು. ಅಮೆರಿಕದ ಓಹಿಯೋ ಸ್ಟೇಟ್ ಯೂನಿವರ್ಸಿಟೀಲಿ ಕ್ಲೈವ್ ಎಡ್ವರ್ಡ್ಸ್ ಅವರ ತಂಡ ವರ್ಷಗಟ್ಲೆ ಇದರ ಮೇಲೆ ಕೆಲಸ ಮಾಡಿದೆ, ಪೋಷಕಾಂಶ ಎರಡೂ ಕಡೆ ಸರಿಸಮ ಕೊಟ್ಟಾಗಲೂ ಎರೆಗೊಬ್ಬರ ಬೆರೆಸಿದ ಗಿಡ ಚೆನ್ನಾಗಿ ಬೆಳೆದಿದ್ದನ್ನ ಅವ್ರು ತೋರಿಸಿದ್ರು, ಅಂದ್ರೆ ಬರೀ ಎನ್‌ಪಿಕೆ (ಸಾರಜನಕ, ರಂಜಕ, ಪೊಟ್ಯಾಶ್) ಅಲ್ದೆ ಅದರಲ್ಲಿರೋ ಹ್ಯೂಮಿಕ್ ವಸ್ತು, ಹಾರ್ಮೋನ್ ಥರದ ವಸ್ತು ಏನೋ ಕೆಲಸ ಮಾಡ್ತಿದೆ ಅಂತ. ಅದೇ ಸಂಶೋಧನೇಲಿ ಇನ್ನೊಂದು ವಿಷ್ಯನೂ ಇದೆ, ಅದನ್ನ ಮಾರೋರು ಹೇಳಲ್ಲ: ಒಳ್ಳೆ ಫಲ ಸಿಕ್ಕಿದ್ದು ಮಿಕ್ಸಿನಲ್ಲಿ ಕಮ್ಮಿ ಪ್ರಮಾಣ ಬೆರೆಸಿದಾಗ, ನೂರಕ್ಕೆ 10ರಿಂದ 40 ಭಾಗದ ಒಳಗೆ. ಪೂರ್ತಿ ಎರೆಗೊಬ್ಬರದಲ್ಲೇ ನೆಟ್ರೆ ಉಪ್ಪಿನಂಶ ಜಾಸ್ತಿ ಆಗಿ, ಗಾಳಿ ಆಡ್ದೆ ಗಿಡ ಹಿಂದೆ ಬೀಳುತ್ತೆ. ಗೆಡ್ಡೆಗೆ ನಾನು 10ರಿಂದ 15 ಭಾಗ ದಾಟಲ್ಲ. ಕೊಳ್ಳೋವಾಗ ಚೀಲ ಎತ್ತಿ ನೋಡಿ, ಸೈಜಿಗೆ ಮೀರಿದ ಭಾರ ಇದ್ರೆ ನೀರು ಕುಡಿಸಿದಾರೆ ಇಲ್ಲಾ ಮಣ್ಣು ಬೆರೆಸಿದಾರೆ. ನೀರಿಗೆ ಒಂದು ಚಮಚ ಹಾಕಿ ಕದಡಿ, ತಳದಲ್ಲಿ ಮರಳು ಕೂತ್ರೆ ಗೊತ್ತಾಗಿಬಿಡುತ್ತೆ.

ಮುಂದಕ್ಕೆ ಸ್ಟಿಮ್ಯುಲೆಂಟ್‌ಗಳಿಗೆ ಬರೋ ಮುಂಚೆ, ಆ ಪದಾರ್ಥ ಏನು ಅಂತ ಸ್ವಲ್ಪ. ಯುರೋಪಿಯನ್ ಯೂನಿಯನ್ನಿನ 2019/1009 ನಂಬರಿನ ಗೊಬ್ಬರ ಕಾಯ್ದೆ ಬಯೋಸ್ಟಿಮ್ಯುಲೆಂಟ್ ಅಂದ್ರೆ ತನ್ನಲ್ಲಿ ಪೋಷಕಾಂಶ ಎಷ್ಟಿದೆ ಅನ್ನೋದಕ್ಕೆ ಸಂಬಂಧ ಇಲ್ದೆ ಗಿಡದ ಪೋಷಣೆ ಕ್ರಿಯೆನ ಚುರುಕು ಮಾಡೋ ವಸ್ತು ಅಂತ ಹೇಳುತ್ತೆ, ಪೋಷಕಾಂಶ ಬಳಸ್ಕೊಳ್ಳೋ ಸಾಮರ್ಥ್ಯ, ಬಿಸಿಲು ಬರ ತಡೆಯೋ ಶಕ್ತಿ, ಗುಣಮಟ್ಟ ಇಂಥವು ಸುಧಾರಿಸ್ಬೇಕು. ಅಂದ್ರೆ ಮಣ್ಣಲ್ಲಿ ಏನೂ ಇಲ್ದಿದ್ರೆ ಇದು ಚುರುಕು ಮಾಡೋದಾದ್ರೂ ಏನನ್ನ? ಬರೀ ಕೋಕೋಪೀಟಲ್ಲಿ, ಅಂದ್ರೆ ತೆಂಗಿನ ನಾರಿನ ಪುಡೀಲಿ, ಗೆಡ್ಡೆ ನೆಟ್ಟು, ವಾರವಾರ ಸೀವೀಡ್ ಸ್ಪ್ರೇ ಮಾಡಿ, ಎರಡನೇ ವರ್ಷ ಬರೀ ಎಲೆ ಬಂತು ಹೂವೇ ಇಲ್ಲ ಅಂತ ಒಂದು ಸ್ಟಾರ್ ಕೊಟ್ಟಿರೋ ರಿವ್ಯೂಗಳನ್ನ ಎಷ್ಟೋ ಓದಿದೀನಿ, ಬಾಟ್ಲಿದು ತಪ್ಪಿಲ್ಲ ಅಲ್ಲಿ, ಅದನ್ನ ಊಟದ ಬದ್ಲು ಹಾಕಿದಾರೆ ಅಷ್ಟೇ.

ಸೀವೀಡ್ ಲಿಕ್ವಿಡ್: 3.5. ಕಡಲಪಾಚಿಯ ಸಾರ. ಮಾರ್ಕೆಟ್ಟಲ್ಲಿರೋದು ಬಹಳಷ್ಟು ಉತ್ತರ ಅಟ್ಲಾಂಟಿಕ್ ತೀರದ ಆಸ್ಕೋಫಿಲ್ಲಮ್ ನೋಡೋಸಮ್ ಅನ್ನೋ ಕಂದು ಪಾಚಿಯಿಂದ ಮಾಡಿದ್ದು, ಕೆಂಪು ಪಾಚಿ ಕಪ್ಪಾಫೈಕಸ್‌ನಿಂದ ಮಾಡಿದ್ದೂ ಸಿಗುತ್ತೆ. ಸೈಟೋಕೈನಿನ್, ಆಕ್ಸಿನ್ ಅನ್ನೋ ಗಿಡದ ಹಾರ್ಮೋನ್ ಥರದ ಚಟುವಟಿಕೆ ಇರೋ ಅಂಶ, ಬೀಟೇನ್, ಮ್ಯಾನಿಟಾಲ್, ಆಲ್ಜಿನೇಟ್ ಇವೆಲ್ಲ ಸ್ವಲ್ಪ ಸ್ವಲ್ಪ ಇರ್ತವೆ, ಪೊಟ್ಯಾಶ್ ಒಂದಿಷ್ಟು, ಸಾರಜನಕ ರಂಜಕ ಲೆಕ್ಕಕ್ಕಿಲ್ಲ. ನಂಗೆ ಇದು ಕೆಲಸಕ್ಕೆ ಬಂದಿದ್ದು ಎರಡು ಜಾಗದಲ್ಲಿ. ಒಂದು, ನೆಡೋ ಮುಂಚೆ ಗ್ಲಾಡಿಯೋಲಸ್, ಸುಗಂಧರಾಜ ಗೆಡ್ಡೆಗಳನ್ನ ತೆಳು ದ್ರಾವಣದಲ್ಲಿ ಅರ್ಧ ಗಂಟೆ ನೆನೆಸಿದ್ರೆ ಮೊಳಕೆ ಹೆಚ್ಚುಕಮ್ಮಿ ಒಟ್ಟಿಗೆ ಏಳುತ್ತೆ, ಒಂದು ಇವತ್ತು ಇನ್ನೊಂದು ಹದಿನೈದು ದಿನ ಬಿಟ್ಟು ಅನ್ನೋ ಕಾಟ ಕಮ್ಮಿ. ಎರಡು, ಇದೇ ಮುಖ್ಯ, ಹೂ ಮುಗಿದ ಮೇಲೆ ಎಲೆಗೆ ಸ್ಪ್ರೇ. ಎಲೆ ಒಂದಷ್ಟು ದಿನ ಜಾಸ್ತಿ ಹಸಿರಾಗಿ ನಿಲ್ಲುತ್ತೆ, ಎಲೆ ಹಸಿರಿದ್ದಷ್ಟು ದಿನ ಗೆಡ್ಡೆ ತುಂಬ್ತಾ ಇರುತ್ತೆ. ಅಮರಿಲ್ಲಿಸ್ಸಲ್ಲಿ ಈ ವ್ಯತ್ಯಾಸ ತಕ್ಕಡೀಲಿ ಕಾಣಿಸ್ತು, ದೊಡ್ಡದೇನಲ್ಲ, ಆದ್ರೆ ಪ್ರತಿ ಸಲ ಒಂದೇ ದಿಕ್ಕಿಗೆ. ಡೇಲಿಯಾದಲ್ಲಿ ನಂಗೇನೂ ಗೊತ್ತಾಗ್ಲಿಲ್ಲ.

ಮೊಗ್ಗು ಕಂಡ ಮೇಲೆ ಸ್ಪ್ರೇ ಹೊಡೆದ್ರೆ ಹೂ ದೊಡ್ಡದಾಗುತ್ತೆ ಅಂತ ಲೇಬಲ್ ಹೇಳುತ್ತಲ್ಲ, ಅದನ್ನ ನಾನು ಒಪ್ಪಲ್ಲ, ಎಸಳ ಮೇಲೆ ಕಂದು ಕಲೆ ಉಳಿಯುತ್ತೆ ಅಷ್ಟೇ. ಡೋಸು ಬಾಟ್ಲಿ ಮೇಲಿರೋದಕ್ಕಿಂತ ಅರ್ಧದಿಂದ ಶುರು ಮಾಡಿ, ಸಾಮಾನ್ಯವಾಗಿ ಲೀಟರ್ ನೀರಿಗೆ 2ರಿಂದ 5 ಎಂಎಲ್ ಅಂತಿರುತ್ತೆ, ಜಾಸ್ತಿ ಹಾಕಿದ್ರೆ ಜಾಸ್ತಿ ಫಲ ಅನ್ನೋದು ಹಾರ್ಮೋನ್ ವಿಷ್ಯದಲ್ಲಿ ಉಲ್ಟಾ ಹೊಡೆಯುತ್ತೆ, ಕಮ್ಮಿ ಪ್ರಮಾಣದಲ್ಲಿ ಬೇರು ಬೆಳೆಸೋ ಆಕ್ಸಿನ್ನೇ ಜಾಸ್ತಿ ಆದ್ರೆ ಬೇರು ತಡೆಯುತ್ತೆ.

ಹ್ಯೂಮಿಕ್ ಆಸಿಡ್: 3, ಕಾಂಪೋಸ್ಟ್ ಹಾಕಿದ ಮಣ್ಣಾದ್ರೆ 1.5. ಇದರ ಹಿಂದಿರೋ ವಿಜ್ಞಾನ ಸುಳ್ಳಲ್ಲ. 2002ರಲ್ಲಿ ಬ್ರೆಜಿಲ್ಲಿನ ಕನೆಲ್ಲಾಸ್ ಮತ್ತವರ ಜೊತೆಗಾರರು ಎರೆಗೊಬ್ಬರದಿಂದ ತೆಗೆದ ಹ್ಯೂಮಿಕ್ ಆಸಿಡ್ ಮೆಕ್ಕೆಜೋಳದ ಬೇರಿಗೆ ಹಾಕಿ, ಪಕ್ಕಬೇರು ಜಾಸ್ತಿ ಹೊರಡೋದನ್ನ, ಬೇರಿನ ಜೀವಕೋಶದ ಪೊರೇಲಿರೋ, ಪೋಷಕಾಂಶ ಒಳಗೆ ಎಳ್ಕೊಳ್ಳೋಕೆ ನೆರವಾಗೋ ಪ್ರೋಟಾನ್ ಪಂಪ್ ಚುರುಕಾಗೋದನ್ನ ತೋರಿಸಿದ್ರು, ಪ್ಲಾಂಟ್ ಫಿಸಿಯಾಲಜಿ ಜರ್ನಲ್ಲಲ್ಲಿ ಬಂದಿತ್ತು. ಗಮನಿಸಿ, ಅವ್ರು ತೆಗೆದಿದ್ದೇ ಎರೆಗೊಬ್ಬರದಿಂದ. ನಿಮ್ಮ ಪಾಟಲ್ಲಿ ಆಗ್ಲೇ ಮಾಗಿದ ಕಾಂಪೋಸ್ಟು, ಎರೆಗೊಬ್ಬರ ಇದೆ ಅಂದ್ಮೇಲೆ ಹ್ಯೂಮಿಕ್ಕೂ ಇದೆ, ಮತ್ತೆ ಬಾಟ್ಲಿ ಯಾಕೆ? ಬರೀ ಮರಳು, ಬರೀ ಕೋಕೋಪೀಟ್ ಇರೋರಿಗೆ, ಇಲ್ಲಾ ಎಷ್ಟೋ ವರ್ಷದಿಂದ ರಾಸಾಯನಿಕ ಗೊಬ್ಬರ ಬಿಟ್ಟು ಏನೂ ಕಾಣದ ಮಣ್ಣಿಗೆ ಉಪಯೋಗ ಆಗುತ್ತೆ. ಅಂಗಡೀಲಿ ಸಿಗೋ ಕರಿ ಪುಡಿ, ಚಕ್ಕೆ ಬಹಳಷ್ಟು ಲಿಯೋನಾರ್ಡೈಟ್ ಅನ್ನೋ ಕಲ್ಲಿದ್ದಲಿನ ಜಾತಿ ಖನಿಜದಿಂದ ತೆಗೆದ ಪೊಟ್ಯಾಶಿಯಂ ಹ್ಯೂಮೇಟ್. ಅದು ಕ್ಷಾರದಲ್ಲಿ ಕರಗುತ್ತೆ, ಆಮ್ಲದಲ್ಲಿ ಕರಗಲ್ಲ, ಹಂಗಾಗಿ ವಿನಿಗರ್ ಬೆರೆಸಿದ ನೀರಿಗೋ, ಆಮ್ಲೀಯ ಗೊಬ್ಬರದ ಜೊತೆಗೋ ಹಾಕಿದ್ರೆ ಕರಿ ಚೂರು ಚೂರಾಗಿ ಒಡೆದು ಸ್ಪ್ರೇ ನಾಜಲ್ ಕಟ್ಕೊಳ್ಳುತ್ತೆ.

ಬೋನ್ ಮೀಲ್ ಮತ್ತೆ ಮೈಕೋರೈಜಾ, ಇವೆರಡನ್ನೂ ಒಟ್ಟಿಗೆ ಬರೀಬೇಕು, ಯಾಕಂದ್ರೆ "ಬಲ್ಬ್ ಕಿಟ್" ಅಂತ ಒಂದೇ ಡಬ್ಬೀಲಿ ಇಟ್ಟು ಮಾರ್ತಾರೆ, ಅದನ್ನ ನೋಡಿದಾಗೆಲ್ಲ ನಗು ಬರುತ್ತೆ. ಗೆಡ್ಡೆ ಅಂದ್ರೆ ಬೋನ್ ಮೀಲ್ ಅನ್ನೋದು ಹಳೇ ಕಾಲದಿಂದ ಬಂದಿರೋ ಮಾತು. ಅದರಲ್ಲಿ ರಂಜಕ, ಸುಣ್ಣ ಜಾಸ್ತಿ ಇದೆ, ನಿಜ. ಆದ್ರೆ ಆ ರಂಜಕ ಕರಗಿ ಗಿಡಕ್ಕೆ ಸಿಗೋಕೆ ಮಣ್ಣು ಆಮ್ಲೀಯ ಇರ್ಬೇಕು, ಪಿಎಚ್ 7 ದಾಟಿದ್ರೆ ಅದು ಅಲ್ಲೇ ಪುಡಿಯಾಗಿ ಕೂತಿರುತ್ತೆ. ಅದರ ಮೇಲೆ ಎಷ್ಟೋ ತೋಟದ ಮಣ್ಣಲ್ಲಿ ರಂಜಕ ಆಗ್ಲೇ ಬೇಕಾದಷ್ಟಿರುತ್ತೆ. ಆ ವಾಸನೆಗೆ ನಾಯಿ, ಇಲಿ ಬಂದು ಕೆದಕಿ ಗೆಡ್ಡೆ ಹೊರಗೆ ಎಸೆದು ಹೋಗೋದು ಬೇರೆ.

ಮೈಕೋರೈಜಾ ಅಂದ್ರೆ ಬೇರಿನ ಜೊತೆ ಕೂಡಿ ಬಾಳೋ ಶಿಲೀಂಧ್ರ, ಮಣ್ಣಲ್ಲಿ ತನ್ನ ಎಳೆ ಚಾಚಿ ದೂರದ ರಂಜಕ ತಂದು ಗಿಡಕ್ಕೆ ಕೊಟ್ಟು ಬದಲಿಗೆ ಸಕ್ಕರೆ ತಗೊಳ್ಳುತ್ತೆ. ಗೆಡ್ಡೆ ಜಾತಿಗಳ ಬೇರು ದಪ್ಪ, ಕವಲು ಕಮ್ಮಿ, ಬೇರಿನ ರೋಮ ಕಮ್ಮಿ ಇರೋದ್ರಿಂದ ಅವಕ್ಕೆ ಈ ಸ್ನೇಹ ಹೇಳಿ ಮಾಡ್ಸಿದ್ದು. ಆದ್ರೆ ಮಣ್ಣಲ್ಲಿ ರಂಜಕ ತುಂಬಿದ್ರೆ ಗಿಡ ಈ ಶಿಲೀಂಧ್ರನ ಒಳಗೆ ಬಿಟ್ಕೊಳ್ಳೋದೇ ಕಮ್ಮಿ ಮಾಡುತ್ತೆ. ಈಗ ಹೇಳಿ, ಒಂದೇ ಡಬ್ಬೀಲಿ ರಂಜಕದ ಪುಡಿ, ಪಕ್ಕದಲ್ಲೇ ರಂಜಕ ಜಾಸ್ತಿ ಆದ್ರೆ ಕೆಲಸ ಮಾಡದ ಶಿಲೀಂಧ್ರ! ಕಿಟ್‌ಗೆ 1. ಬೋನ್ ಮೀಲ್ ಒಂದಕ್ಕೇ 2. ಮೈಕೋರೈಜಾ ಒಂದಕ್ಕೇ 3, ಅದೂ ತಾಜಾ ಪ್ಯಾಕೆಟ್ ಆದ್ರೆ, ನೆಡೋವಾಗ ಗೆಡ್ಡೆ ತಳಕ್ಕೆ, ಹೊಸ ಬೇರು ತಾಗೋ ಹಾಗೆ ಹಾಕಿದ್ರೆ. ಮಣ್ಣಿನ ಮೇಲೆ ಉದುರಿಸಿ ನೀರು ಹಾಕೋದು ವೇಸ್ಟು. ಜೀವಂತ ಬೇರಿಲ್ದೆ ಇದು ಬೆಳೆಯೋದೇ ಇಲ್ಲ, ಅದಕ್ಕೇ "ಡ್ರಮ್ಮಿನ ನೀರಲ್ಲಿ ಕಲಸಿಟ್ಟು ಎರಡು ದಿನದಲ್ಲಿ ಹತ್ತು ಪಟ್ಟು ಮಾಡ್ಕೊಳ್ಳಿ" ಅಂತ ಯಾರಾದ್ರೂ ಹೇಳಿದ್ರೆ ಅವ್ರು ಮಾರ್ತಿರೋದು ಬೇರೆ ಏನೋ. ಪ್ಯಾಕೆಟ್ ಮೇಲೆ ಜಾತಿ ಹೆಸರು, ಗ್ರಾಮಿಗೆ ಎಷ್ಟು ಬೀಜಾಣು, ತಯಾರಾದ ದಿನಾಂಕ, ಈ ಮೂರೂ ಇಲ್ದಿದ್ರೆ ಕೆಳಗಿಡಿ.

ಕೈಟೋಸಾನ್‌ಗೆ 3.5 ಕೊಡ್ತೀನಿ, ಇದನ್ನ ಬಳಸೋರು ಕಮ್ಮಿ. ಏಡಿ ಸೀಗಡಿ ಚಿಪ್ಪಿಂದ ಮಾಡೋದು. ಪೋಲೆಂಡಿನ ಸಂಶೋಧಕರು 2014ರಲ್ಲಿ ಫ್ರೀಸಿಯಾ ಗೆಡ್ಡೆಗಳನ್ನ ಇದರಲ್ಲಿ ಅದ್ದಿ ನೆಟ್ಟು ನೋಡಿ ಎಲೆ, ಹೂವು, ಕೊನೆಗೆ ಸಿಗೋ ಗೆಡ್ಡೆ ಮೂರೂ ಜಾಸ್ತಿ ಆಯ್ತು ಅಂತ ಬರೆದಿದಾರೆ. ನಾನು ಗ್ಲಾಡಿಯೋಲಸ್ಸಿಗೆ ಅದ್ದಿದ್ದು, ತೂಕದಲ್ಲಿ ಸೀವೀಡಿನಷ್ಟೇ ಬಂತು, ಆದ್ರೆ ಎತ್ತಿದ ಗೆಡ್ಡೆಗಳಲ್ಲಿ ಕೊಳೆತದ್ದು ಕಮ್ಮಿ. ತೊಂದ್ರೆ ಏನಂದ್ರೆ ಪುಡಿ ನೀರಲ್ಲಿ ಕರಗಲ್ಲ, ಸ್ವಲ್ಪ ಅಸಿಟಿಕ್ ಆಸಿಡ್ ಬೇಕು, ಕರಗಿಸಿರೋ ಲಿಕ್ವಿಡ್ಡೇ ತಗೊಂಡ್ರೆ ರಗಳೆ ಇಲ್ಲ.

ಕಾಂಪೋಸ್ಟ್ ಟೀ, ಅಂದ್ರೆ ಗೊಬ್ಬರ ನೆನೆಸಿದ ನೀರು, 2. ಇದರ ಬಗ್ಗೆ ಫಲಿತಾಂಶಗಳು ಅಲ್ಲೊಂದು ಥರ ಇಲ್ಲೊಂದು ಥರ, ಕಾಕಂಬಿ ಹಾಕಿ ಗಾಳಿ ಊದಿ ಸೂಕ್ಷ್ಮಜೀವಿ ಬೆಳೆಸ್ತೀವಿ ಅಂತ ಹೋದ್ರೆ ಇ. ಕೋಲಿ ಥರದ ಕೆಟ್ಟವೂ ಬೆಳೀತವೆ. ಗೊಬ್ಬರನೇ ಪಾಟಿಗೆ ಹಾಕಿ, ನೀರು ಹಾಕಿದಾಗೆಲ್ಲ ಟೀ ತಾನಾಗೇ ಇಳಿಯುತ್ತೆ. ಬಾಳೆಸಿಪ್ಪೆ ನೀರು, ದಾಲ್ಚಿನ್ನಿ ಪುಡಿ, ಲೋಳೆಸರದ ರಸ ಇವುಗಳ ಬಗ್ಗೆ ಕೇಳ್ಬೇಡಿ, ತಕ್ಕಡಿ ಅಲ್ಲಾಡ್ಲಿಲ್ಲ.

ಒಂದು ಎಚ್ಚರಿಕೆ. "ನೂರಕ್ಕೆ ನೂರು ನ್ಯಾಚುರಲ್" ಅಂತ ಬರೆದಿರೋ ಯಾವುದೋ ಬಾಟ್ಲಿ ಹಾಕಿದ ವಾರದಲ್ಲೇ ಗಿಡ ಸರ್ರನೆ ಉದ್ದ ಎದ್ದು, ದಂಟು ಸಪೂರ, ಎಲೆ ಪೇಲವ ಆಯ್ತು ಅಂದ್ರೆ ನಂಗೆ ಜಿಬ್ಬರೆಲಿನ್ ಅನ್ನೋ, ಗಿಡನ ಉದ್ದ ಬೆಳೆಸೋ ಹಾರ್ಮೋನ್ ಬೆರೆಸಿದಾರೆ ಅನ್ನೋ ಅನುಮಾನ ಬರುತ್ತೆ. ಜಿಬ್ಬರೆಲಿನ್ ಪ್ರಕೃತೀಲಿ ಇರೋದೇ, 1926ರಲ್ಲಿ ಜಪಾನಿನ ಕುರೊಸಾವಾ ಅನ್ನೋರು ಭತ್ತದ ಸಸಿ ಹುಚ್ಚುಹುಚ್ಚಾಗಿ ಉದ್ದ ಬೆಳೆಸೋ ಶಿಲೀಂಧ್ರದ ಸಾರದಿಂದ ಆರೋಗ್ಯವಾಗಿರೋ ಸಸೀನೂ ಹಂಗೇ ಉದ್ದ ಆಗುತ್ತೆ ಅಂತ ತೋರಿಸಿದ್ದು ಇದರದ್ದೇ ಪ್ರಭಾವ. ಕ್ಯಾಲಾ ಲಿಲ್ಲಿ ಬೆಳೆಯೋ ವೃತ್ತಿಪರರು ಗೆಡ್ಡೆನ ಇದರಲ್ಲಿ ಅಳತೆ ಮಾಡಿ ಅದ್ದಿ ಹೂವಿನ ಸಂಖ್ಯೆ ಹೆಚ್ಚಿಸ್ಕೊಳ್ಳೋದೂ ಇದೆ. ಆದ್ರೆ ಲೇಬಲ್ಲಲ್ಲಿ ಬರೀದೆ ಬೆರೆಸಿದ್ರೆ ನಮಗೆ ಡೋಸ್ ಗೊತ್ತಾಗಲ್ಲ, ಗಿಡ ಉದ್ದಕ್ಕೆ ಎದ್ದು ಹೂ ಭಾರಕ್ಕೆ ಬಾಗುತ್ತೆ.

ಟೈಮಿಂಗ್ ಬಗ್ಗೆ ಕೊನೇದಾಗಿ, ಇದನ್ನ ತಿಳ್ಕೊಂಡ್ರೆ ಅರ್ಧ ಬಾಟ್ಲಿ ಉಳಿಯುತ್ತೆ. ಜನ ಎಲ್ಲ ಹಾಕೋದು ಮೊಗ್ಗು ಬರೋ ಮುಂಚೆ, ಹೂ ಬಾಡಿದ ದಿನ ಪಾಟನ್ನ ಮೂಲೆಗೆ ತಳ್ಳಿ ನೀರೂ ನಿಲ್ಲಿಸ್ತಾರೆ, ಇನ್ನು ಕೆಲವರು ಎಲೆ ಅಸಹ್ಯ ಕಾಣುತ್ತೆ ಅಂತ ಜಡೆ ಹೆಣೆದು ಕಟ್ತಾರೆ ಇಲ್ಲಾ ಕತ್ತರಿಸೇ ಬಿಡ್ತಾರೆ. ಗೆಡ್ಡೆ ತುಂಬೋದೇ ಆಗ! ಬಾಡಿದ ಹೂ ಮಾತ್ರ ಕಿತ್ತು ಬೀಜ ಕಟ್ಟೋಕೆ ಬಿಡ್ದೆ, ದಂಟು ಎಲೆ ಹಸಿರಾಗೇ ಬಿಟ್ಟು, ಮೇಲ್ಗಡೆ ಒಂದು ತೆಳು ಪದರ ಕಾಂಪೋಸ್ಟ್ ಹಾಕಿ, ಎರಡು ಮೂರು ವಾರಕ್ಕೊಮ್ಮೆ ತೆಳು ಸೀವೀಡು, ಎಲೆ ತಾನಾಗೇ ಹಳದಿ ಆಗೋವರೆಗೂ, ಅಂದ್ರೆ ಕಮ್ಮಿ ಅಂದ್ರೂ ಆರು ವಾರ. ಅಮರಿಲ್ಲಿಸ್ಸಿಗೆ ಇನ್ನೂ ಉದ್ದ, ಎಷ್ಟು ಎಲೆ ಬಿಡುತ್ತೋ ಅಷ್ಟು ತಿಂಗಳು. ಹಳದಿ ತಿರುಗೋಕೆ ಶುರು ಆದ್ಮೇಲೆ ಎಲ್ಲ ನಿಲ್ಲಿಸಿ, ನೀರೂ ಕಮ್ಮಿ, ಆ ಹೊತ್ತಲ್ಲಿ ಸಾರಜನಕ ಹಾಕಿದ್ರೆ ಗೆಡ್ಡೆ ಮೆತ್ತಗೆ ಉಳಿದು ಸ್ಟೋರ್ ಮಾಡಿದಾಗ ನೀಲಿ ಬೂಷ್ಟು ಹಿಡಿಯುತ್ತೆ.

ಟ್ಯುಲಿಪ್ ಬೆಳೆಯೋರು ಒಂದು ಮಾತ್ರ ತಲೇಲಿಟ್ಕೊಳ್ಳಿ, ಅದಕ್ಕೆ 9 ಡಿಗ್ರಿಗಿಂತ ಕಮ್ಮಿ ಚಳಿ 12ರಿಂದ 16 ವಾರ ಸಿಗ್ಲೇಬೇಕು, ಆ ಚಳಿ ಸಿಗದ ಗೆಡ್ಡೆಗೆ ಯಾವ ಸ್ಟಿಮ್ಯುಲೆಂಟೂ ದಂಟು ಎಬ್ಬಿಸಲ್ಲ.

ಮತ್ತೆ ಕೊಳ್ಳೋದು ಯಾವುದು ಅಂತ ಕೇಳಿದ್ರೆ: ಕಾಂಪೋಸ್ಟು, ಎರೆಗೊಬ್ಬರ ಕಣ್ಮುಚ್ಚಿ. ಸೀವೀಡ್ ಚಿಕ್ಕ ಬಾಟ್ಲಿ, ದೊಡ್ಡದು ಬೇಡ, ಒಂದ್ಸಲ ಬಿಚ್ಚಿ ಮತ್ತೆ ಮುಚ್ಚಿಟ್ಟು ತಿಂಗಳುಗಟ್ಲೆ ಆದ್ರೆ ಗ್ಯಾಸ್ ತುಂಬಿ ಬಾಟ್ಲಿ ಉಬ್ಬುತ್ತೆ, ವಾಸನೆ ಬದಲಾಗುತ್ತೆ, ನೆರಳಲ್ಲಿಡಿ, ಕಲಸಿದ ದ್ರಾವಣ ಅವತ್ತೇ ಖಾಲಿ ಮಾಡಿ. ಕೈಟೋಸಾನ್ ಗ್ಲಾಡಿಯೋಲಸ್ ನೆಡೋ ಸೀಸನ್ನಿಗೆ ಮಾತ್ರ. ಮೈಕೋರೈಜಾ ಹೊಸ ಪಾಟು, ಹೊಸ ಮಣ್ಣು ತುಂಬಿದಾಗ ಒಂದ್ಸಲ. ಹ್ಯೂಮಿಕ್ಕು, ಬೋನ್ ಮೀಲು, ಕಿಟ್ಟು ತಗೊಳ್ಳಲ್ಲ. ಉಳಿಯೋ ದುಡ್ಡಲ್ಲಿ ಒಂದು ಗ್ರಾಂ ತೋರಿಸೋ ತಕ್ಕಡಿ ತಗೊಳ್ಳಿ, ಒಂದು ಸೀಸನ್ ನೀವೇ ತೂಗಿ ನೋಡಿ, ನನ್ನ ಮಾರ್ಕ್ಸಿಗೂ ನಿಮ್ದಕ್ಕೂ ಎಲ್ಲಿ ವ್ಯತ್ಯಾಸ ಬಂತು ಅಂತ ಕೆಳಗೆ ಬರೀರಿ, ಅದ್ರಲ್ಲೂ ಡೇಲಿಯಾ ಬೆಳೆಯೋರು, ಸೀವೀಡಿಂದ ನಿಮಗೆ ಏನಾದ್ರೂ ಸಿಕ್ಕಿದ್ರೆ ಯಾವ ಹಂತದಲ್ಲಿ ಹೊಡೆದಿದ್ದು ಅಂತನೂ ಸೇರಿಸಿ.